ಹತ್ತಿ ಊರಲ್ಲಿ ಹತ್ತಿ ದಾರಕ್ಕೆ ಬರ

ಸಂಪಾದಕರಿಗೆ ನಮಸ್ಕಾರ.

ನಾನು ಹುಟ್ಟಿ ಬೆಳೆದಿದ್ದು ದಾವಣಗೆರೆಯಲ್ಲೇ. ಅಪ್ಪ ಹತ್ತಿ ಮಿಲ್ಲಲ್ಲಿ ಕೆಲಸಕ್ಕಿದ್ದರು, ಮಿಲ್ಲಿನ ಸೈರನ್ ಕೇಳಿ ಅಮ್ಮ ಒಲೆ ಹಚ್ಚುತ್ತಿದ್ದಳು. ಆಗ ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದರು. ಅಂಥ ಊರಲ್ಲಿ ಒಂದು ಕೂಸಿನ ಹೊದಿಕೆ ಹೆಣೆಯೋಕೆ ಅರ್ಧ ಕೆಜಿ ಹತ್ತಿ ದಾರ ಸಿಗಲಿಲ್ಲ. ಅದಕ್ಕೇ ಈ ಪತ್ರ.

ತಂಗಿ ಮಗಳಿಗೆ ಮಾರ್ಚ್‌ನಲ್ಲಿ ಹೆಣ್ಣು ಮಗು ಆಯಿತು. ತೊಟ್ಟಿಲಿಗೆ ಹಾಕುವ ದಿನ ಏನು ಕೊಡೋದು? ಬೆಳ್ಳಿ ಲೋಟ, ಕಾಲ್ಗೆಜ್ಜೆ ಕೊಡೋರು ಇದ್ದೇ ಇರುತ್ತಾರೆ. ಡಬ್ಬದಲ್ಲಿ ಬರುವ ಬಟ್ಟೆ ಸೆಟ್ಟಂತೂ ಹೋದ ಸಲ ಇನ್ನೊಬ್ಬ ಮಗಳ ಕೂಸಿಗೆ ಒಂದೇ ಥರದ್ದು ಮೂರು ಬಂದಿದ್ದವು. ನನಗೆ ಕ್ರೋಶಾ, ಅಂದರೆ ಕೊಕ್ಕೆ ಕಡ್ಡಿಯಲ್ಲಿ ದಾರ ಹೆಣೆಯೋದು, ಬರುತ್ತೆ. ಮದುವೆಗೆ ಮುಂಚೆ ಬಾಗಿಲ ತೋರಣ, ಟಿವಿ ಮೇಲಿನ ಹೊದಿಕೆ, ಟೇಬಲ್ ಕ್ಲಾತು ಎಲ್ಲ ಹಾಕಿದವಳು. ಕೂಸಿಗೊಂದು ಹೊದಿಕೆ ಹಾಕೋಣ ಅಂತ ಮಗು ಹುಟ್ಟೋಕೆ ಎರಡು ತಿಂಗಳು ಮುಂಚೆಯೇ ಕೂತೆ.

ಅಂಗಡಿಯಲ್ಲಿ ಕೂಸಿಗೆ ಅಂದ ಕೂಡಲೇ ಬೇಬಿ ಉಲ್ಲನ್ ಅಂತ ಒಂದು ಪ್ಯಾಕೆಟ್ ಕೊಟ್ಟರು. ಗುಲಾಬಿ ಬಣ್ಣ, ಬೆಣ್ಣೆಯ ಹಾಗೆ ಮೆತ್ತಗೆ. ಹೆಸರಿಗೆ ಉಲ್ಲನ್ ಅಷ್ಟೇ, ಕುರಿಗೂ ಅದಕ್ಕೂ ಏನೂ ಸಂಬಂಧ ಇಲ್ಲ. ಅದು ಅಕ್ರಿಲಿಕ್, ಪೆಟ್ರೋಲಿಯಂನಿಂದ ಮಾಡುವ ನೂಲು. ಪ್ಯಾಕೆಟ್ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿತ್ತು, ನಾನೇ ಓದಲಿಲ್ಲ, ತಪ್ಪು ನನ್ನದೂ ಇದೆ. ಐದು ವಾರ ರಾತ್ರಿ ಊಟ ಆದಮೇಲೆ ಕೂತು ಹಾಕಿದೆ. ಕೊಟ್ಟ ದಿನ ಎಲ್ಲರೂ ಕೈಯಿಂದ ಕೈಗೆ ದಾಟಿಸಿ ನೋಡಿದ್ದೇ ನೋಡಿದ್ದು.

ಏಪ್ರಿಲ್ ಬಂತು. ನಮ್ಮೂರ ಬಿಸಿಲು ನಿಮಗೆ ಹೇಳಬೇಕಾ? ಅಕ್ರಿಲಿಕ್ ಬೆವರು ಹೀರೋದಿಲ್ಲ. ಕೂಸಿನ ಬೆನ್ನೆಲ್ಲ ಬೆವರುಸಾಲೆ. ಅಷ್ಟಕ್ಕೇ ಮುಗಿದಿದ್ದರೆ ಸುಮ್ನೆ ಇರುತ್ತಿದ್ದೆ.

ನೀರು ಹಾಕಿದ ಮೇಲೆ ಕೂಸಿಗೆ ಸಾಂಬ್ರಾಣಿ ಹೊಗೆ ಹಿಡಿಯೋದು ನಮ್ಮ ಕಡೆ ಇನ್ನೂ ಇದೆ. (ಎಳೆ ಮಕ್ಕಳಿಗೆ ಹೊಗೆ ಒಳ್ಳೆಯದಲ್ಲ ಅಂತ ಡಾಕ್ಟರು ಹೇಳುತ್ತಾರೆ, ನಾನೂ ಬೇಡ ಅನ್ನೋಳೇ. ಆದರೆ ನೀರು ಹಾಕೋಕೆ ಬರುವ ಅಜ್ಜಿ ಮುಂದೆ ಬಾಯಿ ಬಿಡೋರು ಯಾರು?) ಕೆಂಡದ ಮೇಲೆ ಪುಡಿ ಉದುರಿಸಿದಾಗ ಚಟ್ ಅಂತ ಒಂದು ಕಿಡಿ ಹಾರಿ, ತಂಗಿ ಮಡಿಲಲ್ಲಿ ಬಿಡಿಸಿಟ್ಟುಕೊಂಡಿದ್ದ ಹೊದಿಕೆ ಮೇಲೆ ಬಿತ್ತು. ಪುಣ್ಯಕ್ಕೆ ಕೂಸು ಇನ್ನೂ ಅಜ್ಜಿ ಕಾಲ ಮೇಲೇ ಇತ್ತು. ಕಡಲೆಕಾಳಿನಷ್ಟು ತೂತಾಯಿತು. ತೂತಿನ ಅಂಚಲ್ಲಿ ದಾರ ಕರಗಿ, ಕಪ್ಪಗೆ ಗಟ್ಟಿಯಾಗಿ, ಬೆರಳಿಟ್ಟರೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಅದು ಬಿಸಿ ಇರುವಾಗ ಕೂಸಿನ ತೊಡೆಗೆ ಅಂಟಿಕೊಂಡಿದ್ದರೆ ಅಂತ ನೆನೆದು ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಾರನೇ ದಿನ ಮನೆಯಲ್ಲಿದ್ದ ದಾರದ ತುಂಡುಗಳನ್ನೆಲ್ಲ ಇಕ್ಕಳದಲ್ಲಿ ಹಿಡಿದು, ಕೆಳಗೆ ನೀರಿನ ಬೋಗುಣಿ ಇಟ್ಟು, ಒಂದೊಂದಾಗಿ ಸುಟ್ಟು ನೋಡಿದೆ. ಹತ್ತಿ ದಾರ ಕಾಗದ ಸುಟ್ಟ ವಾಸನೆ ಬಂದು ಬೂದಿ ಆಗುತ್ತೆ, ಮುಟ್ಟಿದರೆ ಪುಡಿ. ಕುರಿ ಉಣ್ಣೆ ಕೂದಲು ಸುಟ್ಟ ಹಾಗೆ ನಾರುತ್ತೆ, ಬೆಂಕಿ ತೆಗೆದರೆ ತಾನೇ ಆರುತ್ತೆ. ಅಕ್ರಿಲಿಕ್ ಮಾತ್ರ ಕರಗಿ ಕಪ್ಪು ಮಣಿ ಕಟ್ಟುತ್ತೆ. ಅಂಗಡಿಯವರು ಏನೇ ಹೇಳಲಿ, ಮಕ್ಕಳಿಗೆ ಹೆಣೆಯೋರು ಒಂದು ಗೇಣು ದಾರ ಸುಟ್ಟು ನೋಡಿಯೇ ಉಳಿದದ್ದು ಕೊಳ್ಳಿ.

ಎರಡನೇ ಹೊದಿಕೆ ಹತ್ತಿಯಲ್ಲೇ ಆಗಬೇಕು ಅಂತ ಮಂಡಿಪೇಟೆ ಕಡೆ ಎರಡು ದಿನ ಸುತ್ತಿದೆ. ತೋರಣಕ್ಕೆ ಹಾಕುವ ಸಣ್ಣ ಹತ್ತಿ ದಾರ ಸಿಗುತ್ತೆ, ಇಲ್ಲ ಅನ್ನೋಲ್ಲ. ಅದರಲ್ಲಿ ಹೊದಿಕೆ ಹಾಕೋಕೆ ಕೂತರೆ ಕೂಸು ಶಾಲೆಗೆ ಹೋಗೋ ಹೊತ್ತಿಗೆ ಮುಗಿದೀತು. ನನಗೆ ಬೇಕಿದ್ದಿದ್ದು ನಾಲ್ಕಾರು ಎಳೆ ಸೇರಿಸಿ ಹುರಿ ಮಾಡಿದ ದಪ್ಪ ದಾರ, 4 ಎಂ.ಎಂ. ಕಡ್ಡಿಗೆ ಹೊಂದುವಂಥದ್ದು. ಒಬ್ಬರ ಹತ್ತಿರ ಅದೂ ಇತ್ತು, ಆದರೆ ಎರಡೇ ಉಂಡೆ. ಇನ್ನೊಬ್ಬರು ಕೊಡುವಾಗ ಬೇರೆ ಬೇರೆ ಲಾಟಿನ ಉಂಡೆ ಸೇರಿಸಿಬಿಟ್ಟರು, ಕೇಳಿದರೆ, "ಒಂದೇ ಕಲರು ಅಕ್ಕಾ, ಏನೂ ಗೊತ್ತಾಗಲ್ಲ." ಯಾಕೆ ಗೊತ್ತಾಗಲ್ಲ? ಒಂದೇ ಬಣ್ಣ ಆದರೂ ಒಂದೊಂದು ಸಲ ಅದ್ದಿದ್ದು ಒಂದೊಂದು ಛಾಯೆ ಬರುತ್ತೆ, ಅದಕ್ಕೇ ಅಲ್ವಾ ಲೇಬಲ್ ಮೇಲೆ ಲಾಟ್ ನಂಬರ್ ಹಾಕೋದು? ಟ್ಯೂಬ್‌ಲೈಟಲ್ಲಿ ಕಾಣಲಿಲ್ಲ. ಬೆಳಿಗ್ಗೆ ಅಂಗಳದಲ್ಲಿ ಹಿಡಿದು ನೋಡಿದರೆ ನಡುವೆ ಒಂದು ಪಟ್ಟಿ, ಒದ್ದೆ ಬಟ್ಟೆ ಇಟ್ಟು ತೆಗೆದ ಹಾಗೆ. ಹದಿನಾಲ್ಕು ಸಾಲು ಬಿಚ್ಚಿದೆ.

"ಈಗ ಯಾರು ಕ್ರೋಶಾ ಹಾಕ್ತಾರೆ, ತರಿಸಿದ್ರೆ ಧೂಳು ಹಿಡಿಯುತ್ತೆ" ಅಂತಲೂ ಒಬ್ಬರು ಅಂದರು. ಪಕ್ಕದ ಆಂಧ್ರದ ನರಸಾಪುರದಲ್ಲಿ ಹೆಂಗಸರು ಇದೇ ಕ್ರೋಶಾ ಲೇಸ್ ಹಾಕಿ ಹೊರದೇಶಕ್ಕೂ ಕಳಿಸುತ್ತಾರೆ, 2024ರಲ್ಲಿ ಅದಕ್ಕೆ ಜಿಐ ಟ್ಯಾಗ್, ಅಂದರೆ ಇದು ಆ ಊರಿನದೇ ಅನ್ನೋ ಸರ್ಕಾರಿ ಗುರುತು, ಸಿಕ್ಕಿತು. 1997ರವರೆಗೆ ನಾವೂ ಚಿತ್ರದುರ್ಗದವರೂ ಒಂದೇ ಜಿಲ್ಲೆ. ಮೊಳಕಾಲ್ಮೂರಿಗೆ ರೇಷ್ಮೆ ಸೀರೆ ಉಳಿಯಿತು, ಚಳ್ಳಕೆರೆಗೆ ಕಂಬಳಿ ಉಳಿಯಿತು. ನಮ್ಮ ಹತ್ತಿ ಎಲ್ಲಿ ಹೋಯಿತು? ಮಿಲ್ಲು ಮುಚ್ಚಿದವು, ಹೊಲದಲ್ಲಿ ಮೆಕ್ಕೆಜೋಳ ಬಂತು. ಮಿಲ್ಲಿನ ನೂಲು ಬೇರೆ, ಕ್ರೋಶಾ ದಾರ ಬೇರೆ ಅನ್ನೋದು ಮಿಲ್ಲಿನವನ ಮಗಳಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಹೊಟ್ಟೆ ಉರಿಯುತ್ತೆ.

ಕೊನೆಗೆ ಬೆಂಗಳೂರಿಂದ ಒಂದೇ ಲಾಟಿನ 50 ಗ್ರಾಂನ 10 ಉಂಡೆ ತರಿಸಿದೆ. 120 ಚೈನು (ಸರಪಳಿಯಂಥ ಮೊದಲ ಸಾಲಿನ ಕುಣಿಕೆ) ಹಾಕಿ ಶುರು ಮಾಡಿ, 30 ಇಂಚು ಚೌಕ. ಈ ಸಲ ಹೂವಿನ ಡಿಸೈನು ಬಿಟ್ಟು ಒತ್ತಾಗಿ ಸಿಂಗಲ್ ಕ್ರೋಶಾ ಅನ್ನೋ ಗಿಡ್ಡ ಹೆಣಿಗೆ ಹಾಕಿದೆ, ದೊಡ್ಡ ತೂತಿದ್ದರೆ ಕೂಸಿನ ಬೆರಳು ಸಿಕ್ಕಿಕೊಳ್ಳುತ್ತೆ. ಇಲ್ಲೊಂದು ಮಾತು. ಹಳೇ ಬ್ರಿಟಿಷ್ ಪುಸ್ತಕದಲ್ಲಿ ಡಬಲ್ ಕ್ರೋಶಾ ಅಂತ ಇರೋದನ್ನೇ ಅಮೆರಿಕದವರು ಸಿಂಗಲ್ ಕ್ರೋಶಾ ಅನ್ನುತ್ತಾರೆ. ಮೊದಲ ಹೊದಿಕೆಯಲ್ಲಿ ನಾನು ಪುಸ್ತಕ ಒಂದು, ವಿಡಿಯೋ ಒಂದು ನೋಡಿ ಎರಡನ್ನೂ ಬೆರೆಸಿ, ಒಂದು ತುದಿ ಅಗಲ ಇನ್ನೊಂದು ತುದಿ ಸಣ್ಣ ಮಾಡಿಕೊಂಡಿದ್ದೆ. ದಾರದ ತುದಿ ಅರ್ಧ ಗೇಣು ಬಿಟ್ಟು ಸೂಜಿಯಲ್ಲಿ ಒಳಗೇ ಸೇರಿಸಿದೆ. ಕುಚ್ಚು, ಗುಂಡಿ ಯಾವುದೂ ಇಲ್ಲ, ಕೂಸು ಬಾಯಿಗೆ ಹಾಕುತ್ತೆ.

ಇಷ್ಟೆಲ್ಲ ಮಾಡಿ ತಗೊಂಡು ಹೋದರೆ ತಂಗಿ ಮಗಳು ಹೇಳಿದ್ದೇನು ಗೊತ್ತಾ? "ದೊಡ್ಡಮ್ಮ, ತುಂಬಾ ಚೆನ್ನಾಗಿದೆ, ಆದ್ರೆ ಮಲಗಿದಾಗ ಹೊದಿಸಲ್ಲ." ಮುಖ ಸಪ್ಪೆ ಆಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಅವಳೇ ಕೂರಿಸಿಕೊಂಡು ಹೇಳಿದಳು. ಒಂದು ವರ್ಷ ತುಂಬುವವರೆಗೆ ಮಲಗಿದ ಮಗುವಿನ ಹತ್ತಿರ ಸಡಿಲವಾದ ಹೊದಿಕೆ, ದಿಂಬು ಇಡಬಾರದು, ಮುಖದ ಮೇಲೆ ಬಂದರೆ ಉಸಿರು ಕಟ್ಟುತ್ತೆ, ಅಮೆರಿಕದ ಮಕ್ಕಳ ಡಾಕ್ಟರುಗಳ ಸಂಘವೂ ಇದನ್ನೇ ಹೇಳುತ್ತೆ ಅಂತ. ಅವಳು ಹೇಳಿದ್ದು ಸರಿ. ಈಗ ಅದನ್ನು ನೆಲಕ್ಕೆ ಹಾಸಿ, ಯಾರಾದರೂ ಪಕ್ಕದಲ್ಲೇ ಕೂತು, ಕೂಸನ್ನು ಬೋರಲು ಮಲಗಿಸಿ ಆಡಿಸುತ್ತಾರೆ. ಎರಡು ಸಲ ಒಗೆದಿದ್ದಾರೆ, ಒಗೆದಷ್ಟೂ ಮೆತ್ತಗಾಗಿದೆ, ಅಮ್ಮನ ಹಳೇ ಕಾಟನ್ ಸೀರೆ ಇದ್ದ ಹಾಗೆ.

ಅಂಗಡಿಯವರೇ, ನೀವು ಈ ಪತ್ರಿಕೆ ಓದುತ್ತೀರಿ ಅಂತ ಗೊತ್ತು, ಸಂಪಾದಕರು ದಯವಿಟ್ಟು ಈ ಭಾಗ ಕತ್ತರಿಸಬೇಡಿ. ದಪ್ಪ ಹತ್ತಿ ದಾರ, ನಾಲ್ಕು ಬಣ್ಣ ಸಾಕು, ಒಂದೊಂದರಲ್ಲಿ ಒಂದೇ ಲಾಟಿನ 10 ಉಂಡೆ ತರಿಸಿಡಿ. ಅಕ್ರಿಲಿಕ್ ಮಾರಿ, ಬೇಡ ಅನ್ನೋಲ್ಲ, ಟೋಪಿಗೂ ಚೀಲಕ್ಕೂ ಅದು ಚೆನ್ನಾಗಿಯೇ ಇರುತ್ತೆ. ಆದರೆ ಕೂಸಿಗೆ ಅಂತ ಕೇಳಿ ಬಂದವರಿಗೆ ಅದು ಅಕ್ರಿಲಿಕ್ ಅಂತ ಬಾಯಿಬಿಟ್ಟು ಹೇಳಿ ಕೊಡಿ. ಎದುರು ಮನೆ ಹುಡುಗಿಗೆ ಆಗಸ್ಟ್‌ನಲ್ಲಿ ಡೇಟ್ ಕೊಟ್ಟಿದ್ದಾರೆ, ಅವಳ ಅತ್ತೆ ಈಗಾಗಲೇ ಬಂದು ಹಳದಿ ಬಣ್ಣದ್ದು ಬೇಕು ಅಂತ ಹೇಳಿ ಹೋಗಿದ್ದಾರೆ. ಹಾಗಾಗಿ ಮೊದಲು ಹಳದಿ ತರಿಸಿದರೆ ಉಪಕಾರ ಆಗುತ್ತೆ.

ಒಬ್ಬ ಓದುಗಳು, ದಾವಣಗೆರೆ