ರಸ್ತೆ ಇಲ್ಲದ ಬೀಚು ಹಾಳುಬಿದ್ದ ಜಾಗ ಅಲ್ಲ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಓದುಗರ ಕಾಲಂನಲ್ಲಿ ಒಬ್ರು ಬರೆದಿದ್ರು, ನಮ್ಮ ಕರಾವಳೀಲಿ ಎಷ್ಟೋ ಚಂದದ ಸಣ್ಣ ಸಣ್ಣ ಬೀಚುಗಳು ರಸ್ತೆ ಇಲ್ದೆ ಅಂಗಡಿ ಇಲ್ದೆ ಸುಮ್ನೆ ಹಾಳುಬಿದ್ದಿವೆ, ಅಲ್ಲಿಗೆಲ್ಲ ಕಾರು ಹೋಗೋ ಹಾಗೆ ಮಾಡ್ಬೇಕು, ಯುರೋಪಿನವರನ್ನ ನೋಡಿ ಕಲೀಬೇಕು ಅಂತ. ಓದಿದಾಗಿಂದ ನಂಗೆ ಸಮಾಧಾನ ಇಲ್ಲ. ಯಾಕಂದ್ರೆ ಈ ಮೇ ತಿಂಗಳಲ್ಲಿ ನಾನು ಯುರೋಪಿನ ಅಂಥದ್ದೇ ಒಂದು ಬೀಚಲ್ಲಿ ಅರ್ಧ ದಿನ ಕೂತು ಬಂದಿದೀನಿ, ಅಲ್ಲಿಗೆ ಡಾಂಬರು ರಸ್ತೆ ಇಲ್ಲ, ಹೋಟ್ಲಿಲ್ಲ, ಕುಡಿಯೋ ನೀರೂ ಇಲ್ಲ, ಮತ್ತೆ ಅದನ್ನ ಹಾಗೇ ಉಳಿಸ್ಕೊಳ್ಳೋಕೆ ಅಲ್ಲಿನ ಜನ ಪಟ್ಟಿರೋ ಪಾಡು ಸಣ್ಣದಲ್ಲ.

ನನ್ನ ಮಗ ಸೊಸೆ ಬಾರ್ಸಿಲೋನಾದಲ್ಲಿದಾರೆ. ಅಲ್ಲಿಂದ ರಾತ್ರಿ ಹಡಗು ಹತ್ತಿದ್ರೆ ಬೆಳಿಗ್ಗೆ ಮೆನೋರ್ಕಾ ದ್ವೀಪ. ಸ್ಪೇನಿಗೆ ಸೇರಿದ್ದು, ಸುಮಾರು 700 ಚದರ ಕಿಲೋಮೀಟರ್, ಜನಸಂಖ್ಯೆ ಲಕ್ಷದ ಹತ್ರ. 1993ರಲ್ಲಿ ಯುನೆಸ್ಕೋದವರು ಇಡೀ ದ್ವೀಪವನ್ನ ಜೀವಗೋಳ ಮೀಸಲು ಪ್ರದೇಶ ಅಂತ ಘೋಷಿಸಿದ್ರು. ದ್ವೀಪದ ಸುತ್ತ ಕಾಲಾ ಅಂತ ಕರೆಯೋ ಸಣ್ಣ ಕೊಲ್ಲಿಗಳಿವೆ, ಎರಡು ಕಡೆ ಬಿಳಿ ಸುಣ್ಣಕಲ್ಲಿನ ಗುಡ್ಡ, ನಡುವೆ ಸಮುದ್ರ ಒಳಗೆ ಬಂದು ನಿಂತಿರತ್ತೆ, ತುದೀಲಿ ಒಂದು ಸೆರಗಿನಷ್ಟು ಮರಳು.

ನಾವು ಹೋಗಿದ್ದು ಕಾಲಾ ತ್ರೆಬಲೂಜೆರ್‌ಗೆ. ಬಸ್ಸು ಕಾಲಾ ಗಾಲ್ಡಾನಾ ಅನ್ನೋ ದೊಡ್ಡ ಕೊಲ್ಲಿ ತನಕ ಹೋಗತ್ತೆ. ಆ ಗಾಲ್ಡಾನಾನ ಎಲ್ರೂ ಒಂದ್ಸಲ ನೋಡ್ಬೇಕು ಯಾಕಂದ್ರೆ ಅದೂ ಒಂದು ಕಾಲದಲ್ಲಿ ಇಂಥದ್ದೇ ಕೊಲ್ಲಿ, ಈಗ ಮರಳಿನ ಪಕ್ಕದಲ್ಲೇ ಬಹುಮಹಡಿ ಹೋಟೆಲ್ ನಿಂತಿದೆ, ಗುಡ್ಡಕ್ಕೆ ಬೆನ್ನು ಆನಿಸ್ಕೊಂಡು, ಎಲ್ಲಿಂದ ನೋಡಿದ್ರೂ ಮೊದ್ಲು ಕಣ್ಣಿಗೆ ಬೀಳೋದು ಅದೇ. ಅಲ್ಲಿಂದ ಮುಂದೆ ನಡಿಗೆ. ಪೈನ್ ಮರಗಳ ಕಾಡು, ಕಾಲಡಿ ಕಲ್ಲು, ಕಾಲಾ ಮಿಜಾನಾ ದಾಟಿ ಒಂದು ಗುಡ್ಡ ಹತ್ತಿ ಇಳೀಬೇಕು. ಬೇರೆಯವರಿಗೆ ಒಂದು ಗಂಟೆ ಆಗತ್ತೇನೋ, ನಂಗೆ ಅರವತ್ನಾಲ್ಕು ವರ್ಷ, ಮಂಡಿನೋವು ಬೇರೆ, ಒಂದೂಮುಕ್ಕಾಲು ಗಂಟೆ ಹಿಡೀತು. ಸೊಸೆ ನಾಲ್ಕು ಸಲ ಕೇಳಿದ್ಲು, "ಅತ್ತೆ, ಕೂತ್ಕೊಳ್ತೀರಾ?" ಅಂತ. ದಾರೀಲಿ ಮಣ್ಣು ಸಿಮೆಂಟು ಏನೂ ಹಾಕ್ದೆ ಬರೀ ಕಲ್ಲು ಜೋಡಿಸಿ ಕಟ್ಟಿದ ಪಾಗಾರಗಳು, ಅವಕ್ಕೆ ಕಾಡು ಆಲಿವ್ ಮರದ ಸೊಟ್ಟ ಸೊಟ್ಟ ಕೊಂಬೆ ಸೇರಿಸಿ ಮಾಡಿದ ದಣಪೆ, ಅಂದ್ರೆ ಗೇಟು, ಥೇಟ್ ನಮ್ಮ ತೋಟದ ದಣಪೆ ಹಾಗೇ. ದಾಟಿದೋರು ಅದನ್ನ ಮುಚ್ಚಿಯೇ ಮುಂದೆ ಹೋಗ್ತಾರೆ, ದನ ಆಚೆ ಬರ್ಬಾರ್ದು ಅಂತ.

ಆ ದಾರಿಯ ಕಥೆಯನ್ನ ಮಗ ನಡೀತಾ ನಡೀತಾ ಹೇಳಿದ. ಕಮಿ ದೆ ಕವಾಯ್ಸ್ ಅಂತ ಹೆಸ್ರು, ಅಂದ್ರೆ ಕುದುರೆಗಳ ದಾರಿ. ಸಮುದ್ರದ ಕಡೆಯಿಂದ ಶತ್ರುಗಳು ಬಂದ್ರೆ ನೋಡೋಕೆ ಕಾವಲಿನವರು ಕುದುರೆ ಮೇಲೆ ದ್ವೀಪ ಸುತ್ತುತಿದ್ದ ಹಳೇ ಹಾದಿ, ಒಟ್ಟು 185 ಕಿಲೋಮೀಟರ್. ಕಾಲ ಕಳೀತಾ ಜಮೀನಿನ ಮಾಲೀಕರು ಅಲ್ಲಲ್ಲಿ ಬೀಗ ಹಾಕಿ ಮುಚ್ಚಿಬಿಟ್ರು. ಜನ ಬಿಡ್ಲಿಲ್ಲ, ವರ್ಷಗಟ್ಟಲೆ ದನಿ ಎತ್ತಿದ್ರು, ಕೊನೆಗೆ 2000ದಲ್ಲಿ ಅಲ್ಲಿನ ಪ್ರಾಂತೀಯ ಸಂಸತ್ತು ಈ ಹಾದೀಲಿ ನಡಿಯೋದು ಸಾರ್ವಜನಿಕರ ಹಕ್ಕು ಅಂತ ಕಾನೂನು ಮಾಡ್ತು, 2010ಕ್ಕೆ ಇಡೀ ದಾರಿ ತೆರೀತು. ಇಲ್ಲಿ ಒಂದು ಮಾತು ಗಮನಿಸಿ, ಆ ಜನ ಕೇಳಿದ್ದು ಕಾಲುದಾರಿ. ಸಮುದ್ರ ಎಲ್ರಿಗೂ ಸೇರಿದ್ದು ಅನ್ನೋದಕ್ಕೆ ಅವ್ರಿಗೆ ಅಷ್ಟು ಸಾಕಾಯ್ತು.

ದ್ವೀಪದ ಇನ್ನೊಂದು ಮಗ್ಗುಲಲ್ಲಿ ಎಸ್ ಗ್ರಾವು ಅಂತ ಊರಿದೆ, ಪಕ್ಕದಲ್ಲಿ ದೊಡ್ಡ ಹಿನ್ನೀರಿನ ಸರೋವರ, ಹಕ್ಕಿಗಳ ತಾಣ. 1970ರ ದಶಕದಲ್ಲಿ ಅಲ್ಲಿ ವಿಲ್ಲಾಗಳು, ಗಾಲ್ಫ್ ಮೈದಾನ ಅಂತ ಯೋಜನೆ ಬಂದು ರಸ್ತೆ ಕೂಡ ಹಾಕೋಕೆ ಶುರು ಮಾಡಿದ್ರಂತೆ. ಜನ ಎದ್ದು ನಿಂತು ಅದನ್ನ ನಿಲ್ಲಿಸಿದ್ರು, 1995ರಲ್ಲಿ ಅದು ನ್ಯಾಚುರಲ್ ಪಾರ್ಕ್ ಆಯ್ತು. ಮೆನೋರ್ಕಾದ ಅರ್ಧ ಕೊಲ್ಲಿಗಳು ಇವತ್ತೂ ರಸ್ತೆ ಹೋಟ್ಲು ಇಲ್ದೆ ಉಳಿದಿರೋದಕ್ಕೆ ಆ ಜಗಳದ ಧೈರ್ಯವೂ ಒಂದು ಕಾರಣ ಅಂತ ನಂಗನ್ಸತ್ತೆ.

ಈಗ ತ್ರೆಬಲೂಜೆರ್ ವಿಷಯ. ಗುಡ್ಡದ ಮೇಲಿಂದ ಮೊದಲ ಸಲ ಕಂಡಾಗ ನಾವ್ಯಾರೂ ಮಾತಾಡ್ಲಿಲ್ಲ. ಹಿಂದಿಂದ ಒಂದು ಹಳ್ಳ ಜೊಂಡಿನ ನಡುವೆ ನಿಧಾನಕ್ಕೆ ಬಂದು ಮರಳಲ್ಲಿ ಮುಗಿಯತ್ತೆ, ಅದರಲ್ಲಿ ಬಾತುಕೋಳಿ, ಮುಂದೆ ಸಮುದ್ರ, ನೀರು ಎಷ್ಟು ತಿಳಿ ಅಂದ್ರೆ ದೂರದಲ್ಲಿ ನಿಂತಿದ್ದ ಒಂದು ದೋಣಿಯ ನೆರಳು ತಳದ ಮರಳ ಮೇಲೆ ಕಾಣ್ತಿತ್ತು. ನಾನು ಕಡಲ ಪಕ್ಕದಲ್ಲೇ ಹುಟ್ಟಿ ಬೆಳೆದವಳು, ಆದ್ರೂ ಅಲ್ಲಿ ಕೂತಾಗ ಏನೋ ಒಂದು ಕಮ್ಮಿ ಅನ್ಸಿ ಬಹಳ ಹೊತ್ತಿನ ಮೇಲೆ ಹೊಳೀತು, ಉಬ್ಬರ-ಇಳಿತ ಇಲ್ಲ. ಮೆಡಿಟರೇನಿಯನ್‌ನಲ್ಲಿ ಅದು ಇದ್ದೂ ಇಲ್ಲದ ಹಾಗೆ. ಬೆಳಿಗ್ಗೆ ಚಪ್ಪಲಿ ಬಿಟ್ಟ ಜಾಗದಿಂದ ನೀರು ಮಧ್ಯಾಹ್ನವೂ ಅಷ್ಟೇ ದೂರದಲ್ಲಿತ್ತು.

ನೀರಂಚಲ್ಲಿ ಒಂದು ಕಡೆ ಕಂದು ಬಣ್ಣದ ಎಲೆಗಳ ರಾಶಿ ಇತ್ತು, ಒಣಗಿದ ಬಾಳೆಪಟ್ಟೆನ ಸಣ್ಣಗೆ ಸೀಳಿ ಹಾಕಿದ ಹಾಗೆ, ಮೊಣಕಾಲೆತ್ತರ. ಸ್ವಲ್ಪ ವಾಸನೆನೂ ಇತ್ತು. ನಾನು ಕಸ ಅಂದ್ಕೊಂಡೆ, ಇಷ್ಟು ಚಂದದ ಜಾಗ, ಇದನ್ನ ಯಾಕೆ ಗುಡಿಸಿಲ್ಲ ಅಂತ ಕೇಳ್ದೆ. ಸೊಸೆ ಸಸ್ಯಶಾಸ್ತ್ರ ಓದಿದವಳು, ಅವಳು ಹೇಳಿದ್ಮೇಲೆ ಗೊತ್ತಾಗಿದ್ದು, ಅದು ಪೊಸಿಡೋನಿಯಾ. ಪಾಚಿ ಅಲ್ಲ, ಬೇರು ಎಲೆ ಹೂವು ಹಣ್ಣು ಎಲ್ಲ ಇರೋ ಗಿಡ, ಸಮುದ್ರದ ತಳದಲ್ಲಿ ಹುಲ್ಲುಗಾವಲಿನ ಹಾಗೆ ಹಬ್ಬತ್ತೆ, ಮೆಡಿಟರೇನಿಯನ್ ಬಿಟ್ರೆ ಈ ಜಾತಿ ಬೇರೆಲ್ಲೂ ಇಲ್ಲ. ಮೀನಿನ ಮರಿಗಳಿಗೆ ಅದೇ ಮನೆ, ನೀರು ಆ ಪರಿ ತಿಳಿಯಾಗಿರೋದಕ್ಕೂ ಅದರದ್ದೇ ಪಾಲಿದೆ. ಮಳೆಗಾಲಕ್ಕೆ ಮುಂಚೆ ನಮ್ಮ ಕಾಡು ಎಲೆ ಉದುರಿಸೋ ಹಾಗೆ ಅದು ಶರತ್ಕಾಲದಲ್ಲಿ ಎಲೆ ಉದುರಿಸತ್ತೆ, ಅವು ದಡಕ್ಕೆ ಬಂದು ಒಟ್ಟಾಗಿ ಚಳಿಗಾಲದ ಬಿರುಗಾಳಿಗೆ ಮರಳು ಕೊಚ್ಚಿಹೋಗದ ಹಾಗೆ ತಡೀತವೆ. ಗುಡಿಸಿ ಟ್ರ್ಯಾಕ್ಟರಿಗೆ ತುಂಬಿದ್ರೆ ಎಲೆ ಜೊತೆ ಮರಳೂ ಹೋಗತ್ತೆ.

ಆ ಹುಲ್ಲು ಬೆಳೆಯೋದು ವರ್ಷಕ್ಕೆ ಬೆರಳಗಲ ಎರಡು ಬೆರಳಗಲ, ಅಷ್ಟೇ. ಒಂದು ಮೋಜಿನ ಬೋಟು ಲಂಗರು ಎಸೆದು ಎಳೆದ್ರೆ ಕಿತ್ತು ಬರೋದು ಎಷ್ಟೋ ದಶಕದ ಬೆಳೆ. ಅದಕ್ಕೇ 2018ರಲ್ಲಿ ಮೆನೋರ್ಕಾ ಸೇರಿರೋ ಬಾಲೇರಿಕ್ ದ್ವೀಪಗಳ ಸರ್ಕಾರ ಹುಲ್ಲಿನ ಮೇಲೆ ಲಂಗರು ಹಾಕೋದನ್ನ ನಿಷೇಧಿಸಿ ಆದೇಶ ತಂತು.

ರಾಶಿ ಪಕ್ಕದಲ್ಲಿ ಮೊಮ್ಮಗನಿಗೆ ನಿಂಬೆಹಣ್ಣಿನ ಗಾತ್ರದ ಒಂದು ಉಂಡೆ ಸಿಕ್ತು. ಕೈಲಿ ಹಿಡಿದ್ರೆ ಹತ್ತಿ ಹಾಗೆ ಹಗುರ, ತೆಂಗಿನ ನಾರನ್ನ ಯಾರೋ ಅಂಗೈಲಿಟ್ಟು ತಿಕ್ಕಿ ತಿಕ್ಕಿ ಉಂಡೆ ಮಾಡಿದ ಹಾಗೆ. ಅದೂ ಅದೇ ಗಿಡದ ನಾರು, ಅಲೆ ಉರುಳಿಸಿ ಉರುಳಿಸಿ ಮಾಡಿದ್ದು. ಅವನು ಜೇಬಿಗೆ ಹಾಕ್ಕೊಂಡ. ಸೊಸೆ ಹೇಳಿದ್ಮೇಲೆ ಸಪ್ಪೆ ಮುಖ ಮಾಡ್ಕೊಂಡು ವಾಪಸ್ ಅಲ್ಲೇ ಇಟ್ಟು ಬಂದ.

ನಮ್ಮ ಕಡೆ ನೆನಪಾಗದೆ ಇರತ್ತಾ? ಪ್ರತಿ ಮಳೆಗಾಲ ಕಡಲ್ಕೊರೆತ ಅಂತ ಲಾರಿ ಲಾರಿ ಕಲ್ಲು ತಂದು ಸುರೀತೇವೆ. ಮರಳ ಮೇಲೆ ತಾನಾಗೇ ಹಬ್ಬಿ ಅದನ್ನ ಹಿಡ್ಕೊಂಡಿರ್ತಿದ್ದ ನೇರಳೆ ಹೂವಿನ ಬಳ್ಳಿನ ಮಾತ್ರ ಬೀಚ್ ಕ್ಲೀನ್ ಮಾಡೋ ನೆಪದಲ್ಲಿ ಕಿತ್ತು ಹಾಕ್ತೇವೆ. ನಾನು ಚಿಕ್ಕವಳಿದ್ದಾಗ ಶಾಲೆಗೆ ಹೋಗೋ ದಾರಿ ತುಂಬ ಆ ಬಳ್ಳಿ ಇತ್ತು.

ಮೆನೋರ್ಕಾದಲ್ಲಿ ಎಲ್ಲ ಸರಿ ಇದೆ ಅಂತ ಹೇಳೋಕೆ ನಾನು ಹೊರಟಿಲ್ಲ. ಆಗಸ್ಟಲ್ಲಿ ದ್ವೀಪದ ಜನ ದುಪ್ಪಟ್ಟಾಗತ್ತೆ, ಹೆಸರು ಮಾಡಿದ ಕೊಲ್ಲಿಗಳಲ್ಲಿ ಕಾಲಿಡೋಕೆ ಜಾಗ ಇರಲ್ಲ, ಬಾಡಿಗೆ ಮನೆ ಸಿಗದೆ ಅಲ್ಲಿನವರೇ ಕಷ್ಟ ಪಡ್ತಿದಾರೆ. ಆದ್ರೆ ಅದಕ್ಕೆ ಅವರು ಕಂಡ್ಕೊಂಡ ದಾರಿ ನೋಡಿ. ಕಾಲಾ ಮಾಕರೆಲ್ಲಾ ಅನ್ನೋ ಕೊಲ್ಲಿಗೆ ರಸ್ತೆ ಇದೆ, ಅದನ್ನ ಅಗಲ ಮಾಡೋ ಬದ್ಲು ಬೇಸಿಗೆ ಪೂರ್ತಿ ಸ್ವಂತ ಕಾರುಗಳನ್ನ ಒಳಗೆ ಬಿಡದೆ ಸಿಯುತಾದೆಲ್ಲಾ ಪಟ್ಟಣದಿಂದ ಬಸ್ಸು ಬಿಡ್ತಾರೆ, ಮುಂಚೆನೇ ಸೀಟು ಬುಕ್ ಮಾಡಿರ್ಬೇಕು. ಬಸ್ಸಲ್ಲಿ ಎಷ್ಟು ಸೀಟೋ ಅಷ್ಟೇ ಜನ.

ತ್ರೆಬಲೂಜೆರ್‌ನಲ್ಲಿ ನಾವಿದ್ದ ಅಷ್ಟು ಹೊತ್ತಲ್ಲಿ ಇಪ್ಪತ್ತು ಜನ ಬಂದು ಹೋಗಿರ್ಬಹುದು. ಚಿತ್ರಾನ್ನ ತಗೊಂಡು ಹೋಗಿದ್ವಿ, ನೀರಿನ ಬಾಟ್ಲಿ ತಲಾ ಎರಡು, ಎಲ್ಲ ಕವರು ಸಿಪ್ಪೆ ಬ್ಯಾಗಿಗೆ ಹಾಕ್ಕೊಂಡು ವಾಪಸ್ ಹೊತ್ತು ತಂದ್ವಿ, ಪಕ್ಕದಲ್ಲಿ ಕೂತಿದ್ದ ನನ್ನ ವಯಸ್ಸಿನ ಹೆಂಗಸು ಹೊರಡೋಕೆ ಮುಂಚೆ ತನ್ನದಲ್ಲದ ಎರಡು ಸಿಗರೇಟ್ ತುಂಡನ್ನೂ ಆರಿಸಿ ಡಬ್ಬಿಗೆ ಹಾಕ್ಕೊಂಡ್ರು.

ಅದಕ್ಕೇ ಆ ಓದುಗರಲ್ಲಿ ನನ್ನ ಕಳಕಳಿಯ ಮನವಿ. ಪ್ರವಾಸಿಗರು ಬರ್ಲಿ, ನಮ್ಮ ಹುಡುಗ್ರಿಗೆ ಕೆಲಸ ಸಿಗ್ಲಿ, ನಂಗೂ ಬೇಕು ಅದು. ಗೋಕರ್ಣದ ಓಂ ಬೀಚಿನ ಆಚೆ ಹಾಫ್ ಮೂನ್, ಪ್ಯಾರಡೈಸ್ ಬೀಚುಗಳಿಗೆ ಈಗಲೂ ಗುಡ್ಡ ಹತ್ತಿ ಇಳಿದು ಹೋಗೋ ಕಾಲುದಾರಿ ಇದೆಯಲ್ಲ, ಅದನ್ನ ಹಾಗೇ ಬಿಡೋಣ. ಶೌಚಾಲಯ, ನೀರು, ಅಂಗಡಿ, ಬಸ್ ಸ್ಟಾಪು, ಊರಿನವರ ಖಾನಾವಳಿ ಎಲ್ಲ ರಸ್ತೆ ಈಗ ಎಲ್ಲಿ ಮುಗಿಯತ್ತೋ ಅಲ್ಲೇ ಆಗ್ಲಿ, ಚೆನ್ನಾಗೇ ಆಗ್ಲಿ. ಕಾಲುದಾರಿಗೆ ದಿಕ್ಕು ತೋರಿಸೋ ಕಂಬ, ಜಾರೋ ಕಡೆ ನಾಲ್ಕು ಕಲ್ಲಿನ ಮೆಟ್ಟಿಲು, ಕಸ ವಾಪಸ್ ತನ್ನಿ ಅಂತ ಕನ್ನಡದಲ್ಲಿ ಒಂದು ಬೋರ್ಡು ಇದ್ರೆ ಸಾಕು. ನಡಿಯೋಕೆ ಆಗ್ದೇ ಇರೋರಿಗೆ ಮೀನುಗಾರರ ದೋಣಿ ಇದ್ದೇ ಇದೆ, ಆ ಬಾಡಿಗೆ ಅವರಿಗೇ ಸೇರ್ಲಿ.

ಇತಿ,
ನಿಮ್ಮ ಓದುಗರಲ್ಲೊಬ್ಬಳು, ನಿವೃತ್ತ ಶಿಕ್ಷಕಿ
ಕುಮಟಾ, ಉತ್ತರ ಕನ್ನಡ