ತಿರುಗಿ ಬಂದ ಡಬ್ಬಿ

ಚಿ. ಕಾವ್ಯಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ತಮ್ಮನ ಮಾರ್ಕ್ಸ್ ಅಲ್ಲ, ಅವನ ಡಬ್ಬಿ. ಮಡಚಿಟ್ಟ ಚಪಾತಿ ಮಡಚಿದ ಹಾಗೇ ವಾಪಸ್ ಬರುತ್ತಿದೆ ಅಂದೆಯಲ್ಲ, ಅದು. ಜೊತೆಗೆ ರಾತ್ರಿ 2 ಗಂಟೆವರೆಗೆ ನಿದ್ದೆಯಿಲ್ಲ, ಕ್ರಿಕೆಟ್ಟಿಗೆ ಕರೆದರೂ ಕೆಳಗಿಳಿಯಲ್ಲ, ಎಲ್ಲದಕ್ಕೂ ಸಿಡುಕು. ಹದಿಹರೆಯದವರಲ್ಲಿ ಖಿನ್ನತೆ ಎಷ್ಟೋ ಸಲ ಅಳುವಾಗಿ ಅಲ್ಲ, ಸಿಡುಕಾಗಿ ಕಾಣುತ್ತದೆ. ಮನೆಯವರು ಕೊಬ್ಬು ಅಂದುಬಿಡುತ್ತಾರೆ. ದಿನದ ಬಹುಪಾಲು ಹೀಗೇ ಇದ್ದು 2 ವಾರ ದಾಟಿದರೆ ಡಾಕ್ಟರಿಗೆ ತೋರಿಸಬೇಕು. ಅವನದು ತಿಂಗಳಾಯಿತು.

ಮುಂಬೈ ಹತ್ತಿರದ ಡೊಂಬಿವಲಿಯ ಆ ಪುಟ್ಟ ಮನೆಯಲ್ಲಿ ಅವನಿಗೆ ಅಳುವುದಕ್ಕೂ ಜಾಗವಿಲ್ಲ. ನಲ್ಲಿ ಬಿಟ್ಟುಕೊಂಡು ಬಾತ್‌ರೂಮಿನಲ್ಲಿ ಕೂತರೆ ಬಾಗಿಲು ಬಡಿದು ಬೈಯಬೇಡಿ. ‘ಚಹಾ ಇಟ್ಟಿದ್ದೀನಿ’ ಅಂತ ದನಿ ಕೊಡಿ, ಉತ್ತರ ಬರುವವರೆಗೆ ಅಲ್ಲೇ ಇರಿ.

ಎದುರು ಕೂರಿಸಿಕೊಂಡು ‘ಏನಾಯ್ತೋ’ ಅಂತ ಕೇಳಬೇಡ. ಅವನಿಗೇ ಗೊತ್ತಿರುವುದಿಲ್ಲ. ಸಂಜೆ ಹಾಲು ತರಲು ಹೋಗುವಾಗ ಕರಕೊಂಡು ಹೋಗು, 10 ನಿಮಿಷ ಸಾಕು. ಪಕ್ಕಪಕ್ಕ ನಡೆಯುವಾಗ ಮುಖ ನೋಡಬೇಕಿಲ್ಲವಲ್ಲ, ಮಾತು ಸಲೀಸು. ಒಲ್ಲೆ ಅಂದರೆ ನಾಳೆ ಮತ್ತೆ ಕರೆ. ಮನಸ್ಸು ಬಂದಾಗ ಹೋಗಲಿ ಅಂತ ಬಿಟ್ಟರೆ ಈ ಕಾಯಿಲೆಯಲ್ಲಿ ಮನಸ್ಸು ಬರುವುದೇ ಇಲ್ಲ. ಎಷ್ಟೊತ್ತಿಗೆ ಮಲಗಿದರೂ ಏಳುವ ಹೊತ್ತು ಒಂದೇ ಇರಲಿ.

ಸಾಯಬೇಕು ಅನ್ನಿಸುತ್ತಾ ಅಂತ ನೇರವಾಗಿ ಕೇಳು. ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ತಲೆಗೆ ಬರುವುದಿಲ್ಲ. ಹೌದು ಅಂದರೆ ಒಬ್ಬನೇ ಬಿಡಬೇಡ, ಗುಟ್ಟಾಗಿಡುತ್ತೇನೆ ಅಂತ ಮಾತು ಕೊಡಬೇಡ. ಅಮ್ಮನಿಗೆ ತಕ್ಷಣ ಹೇಳು, ಅಜ್ಜನ ಮಾತ್ರೆಗಳನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಿಸು, ಅವತ್ತೇ ಆಸ್ಪತ್ರೆಗೆ ಹೊರಡಿ. ಮುಂಬೈಯಲ್ಲಿ ಪರೇಲಿನ ಕೆ.ಇ.ಎಂ., ಸಾಯನ್ ಆಸ್ಪತ್ರೆ ಎರಡರಲ್ಲೂ ಮನೋರೋಗ ವಿಭಾಗವಿದೆ. ಫೋನಿನಲ್ಲಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416: 24 ಗಂಟೆಯೂ ಇರುತ್ತದೆ, ಪುಕ್ಕಟೆ, ಕನ್ನಡ ಮರಾಠಿ ಯಾವುದಾದರೂ ಸರಿ.

ಅಪ್ಪ ‘ನಮ್ಮ ಕಾಲದಲ್ಲಿ ಇವೆಲ್ಲ ಇರಲಿಲ್ಲ’ ಅನ್ನುವುದು ಗ್ಯಾರಂಟಿ. ವಾದ ಬೇಡ, ನಿದ್ದೆಯಿಲ್ಲ, ಊಟವಿಲ್ಲ ಅಂತ ಹೇಳಿಯೇ ಹೊರಡಿಸು.

ಮಾತ್ರೆ ಬರೆದರೆ ಗುಣ ಕಾಣಲು 4ರಿಂದ 6 ವಾರ ಬೇಕು. ಶುರುವಿನಲ್ಲಿ ಚಡಪಡಿಕೆಯೋ ಸಾವಿನ ಮಾತೋ ಹೆಚ್ಚಿದರೆ ಕೂಡಲೇ ಡಾಕ್ಟರಿಗೆ ತಿಳಿಸಿ. ಒಂದು ದಿನ ನಕ್ಕನೆಂದು ಮಾತ್ರೆ ನಿಲ್ಲಿಸುವವರಿದ್ದಾರೆ, ಕಾಯಿಲೆ ತಿರುಗಿ ಬರುವುದು ಎಷ್ಟೋ ಸಲ ಅಲ್ಲೇ. ಹುಷಾರಾದ ಮೇಲೂ ಸಾಮಾನ್ಯವಾಗಿ 6 ತಿಂಗಳಾದರೂ ಮುಂದುವರಿಸುತ್ತಾರೆ.

ನಿನಗೂ ಪರೀಕ್ಷೆ ಇದೆ. ರಾತ್ರಿ ಕಾವಲು ದೊಡ್ಡವರದ್ದು, ನಿನ್ನದಲ್ಲ.

ನಾಳೆಯಿಂದ ಡಬ್ಬಿಗೆ ಎರಡು ಚಪಾತಿ ಬೇಡ, ಒಂದೇ ಹಾಕಲು ಅಮ್ಮನಿಗೆ ಹೇಳು. ಖಾಲಿ ಬಂದರೆ ಹೊಗಳಬೇಡಿ, ಸುಮ್ಮನೆ ತೊಳೆದಿಡಿ.

ನಿನ್ನ ದೊಡ್ಡಮ್ಮ