ಹೈ ಸೈಡ್ ಗೇಟ್ ನೋಡೋರು ಇದನ್ನ ಓದಿ

ಹಾಫ್ ಬ್ರಿಡ್ಜ್‌ನ (ಒಂದರ ಮೇಲೊಂದು ಎರಡು ಸ್ವಿಚ್ ಇರೋ ಪವರ್ ಸರ್ಕ್ಯೂಟ್) ಹೈ ಸೈಡ್, ಅಂದ್ರೆ ಮೇಲಿನ ಸ್ವಿಚ್‌ನ, ಗೇಟ್ ಸಿಗ್ನಲ್ ಆಸಿಲೋಸ್ಕೋಪಲ್ಲಿ ನೋಡಿ, ಫೋಟೋ ಹಾಕಿ ಇಷ್ಟೊಂದು ರಿಂಗಿಂಗ್ (ಸಿಗ್ನಲ್ ಅಲೆ ಅಲೆಯಾಗಿ ಕುಣಿಯೋದು) ಯಾಕೆ ಅಂತ ಕೇಳ್ತಿರೋರು ಮೊದಲು ನಿಮ್ಮ ಡಿಫರೆನ್ಷಿಯಲ್ ಪ್ರೋಬ್ (ಎರಡು ಪಾಯಿಂಟ್ ನಡುವಿನ ವೋಲ್ಟೇಜ್ ವ್ಯತ್ಯಾಸ ತೋರಿಸೋ ಪ್ರೋಬ್) ಚೆಕ್ ಮಾಡಿ. ಡೇಟಾಶೀಟಲ್ಲಿ ದೊಡ್ಡದಾಗಿ ಬರೆದಿರೋ 80 ಡಿಬಿ ಸಿಎಂಆರ್‌ಆರ್ (ಎರಡೂ ಲೀಡ್‌ಗೆ ಒಂದೇ ಥರ ಬರೋ ವೋಲ್ಟೇಜ್, ಅಂದ್ರೆ ಕಾಮನ್ ಮೋಡ್, ಅದನ್ನ ಪ್ರೋಬ್ ಎಷ್ಟು ತಡೆಯತ್ತೆ ಅನ್ನೋ ಅಳತೆ) ಸಾಮಾನ್ಯವಾಗಿ 50 ಹರ್ಟ್ಜ್‌ದು, 1 ಮೆಗಾಹರ್ಟ್ಜ್‌ಗೆ ಬರೋಷ್ಟರಲ್ಲಿ ಎಷ್ಟೋ ಪ್ರೋಬಲ್ಲಿ ಅದು 50 ಡಿಬಿಗೆ ಇಳಿದಿರತ್ತೆ, ಅಂದ್ರೆ 400 ವೋಲ್ಟ್ ಕಾಮನ್ ಮೋಡ್ ಇದ್ರೆ 40 ಮಿಲಿವೋಲ್ಟ್ ಇರಬೇಕಾದ ಕಡೆ ಸುಮಾರು 1.3 ವೋಲ್ಟ್ ಸುಳ್ಳು ಸಿಗ್ನಲ್, ಫಾಸ್ಟ್ ಎಡ್ಜ್‌ನಲ್ಲಂತೂ ಕೇಳಲೇಬೇಡಿ. ಪವರ್ ಆಫ್ ಮಾಡಿ, ಬಸ್ ಕೆಪಾಸಿಟರ್ ಡಿಸ್ಚಾರ್ಜ್ ಆದ್ಮೇಲೆ ಪ್ರೋಬಿನ ಎರಡೂ ಕ್ಲಿಪ್ ಸ್ವಿಚ್ ನೋಡ್‌ಗೇ (ಎರಡು ಸ್ವಿಚ್ ಸೇರೋ ಜಾಗಕ್ಕೇ) ಹಾಕಿ ಆನ್ ಮಾಡಿ, ಸ್ಕ್ರೀನಲ್ಲಿ ಸೊನ್ನೆ ಬರಬೇಕು, ಬರದೇ ಕುಣೀತಿರೋದೆಲ್ಲ ಪ್ರೋಬಿಂದೇ. ಲೀಡ್ ಎರಡನ್ನೂ ಹೆಣೆದಿಡಿ, ಸ್ವಲ್ಪ ಕಮ್ಮಿ ಆಗತ್ತೆ. ಸ್ಕೋಪಿನ ಅರ್ಥ್ ಪಿನ್ ಕಿತ್ತು ಮಾಮೂಲಿ ಪ್ರೋಬ್ ಹಾಕೋ ಐಡಿಯಾ ಮಾತ್ರ ಬೇಡವೇ ಬೇಡ ಮಾರಾಯ್ರೇ, ಸ್ಕೋಪಿನ ಬಾಡೀಗೇ 400 ವೋಲ್ಟ್ ಬರತ್ತೆ.